ಹೊಳೆಸಾಲ ಕ್ರಾಸಿನ ಮೊಸಳೆ

ಹೊಳೆಸಾಲ ಕ್ರಾಸ್
ಇಸವಿ ೨೩೧೪, ಎರಡನೇ ಬೇಸಿಗೆ, ತಾರೀಖು ೩೭

ಹೆದ್ದಾರಿಯ ಪಕ್ಕದಲ್ಲಿ ಸಿಮೆಂಟಿನ ಮೊಸಳೆ ಕಟ್ಟಲು ಹೊರಟಿರುವ ನಮ್ಮೂರ ಹಿರಿಯರಿಗೆ, ನೀಲಗಂಗಾಳ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದರಲ್ಲಿ ಮಧ್ಯಾಹ್ನ ಉರಿಗಂಟೆ ಬಾರಿಸುತ್ತಾರೆ. ಆಮೇಲೆ ಬಯಲಲ್ಲಿದ್ದವರು ಉಳಿಯುವುದು ಕಷ್ಟ. ವಾಹನಗಳು ಈಗ ನೆಲದಡಿಯ ಕೊಳವೆಗಳಲ್ಲಿ ಓಡುತ್ತವೆ. ಅವುಗಳೊಳಗೆ ಹೋಗಲು ಗತಿಯಿಲ್ಲದ ನಾವು ನಿಮ್ಮ ಹಳೆಯ ರಸ್ತೆಯಲ್ಲಿ ನಡೆಯುತ್ತೇವೆ.

ಪ್ರವಾಸಿಗರು ಕಾರು ನಿಲ್ಲಿಸಲಿ, ಬಾಯೊಳಗೆ ನಿಂತು ಫೋಟೊ ತೆಗೆಸಿಕೊಳ್ಳಲಿ, ನಾಲ್ಕು ಎಳನೀರು ಖರ್ಚಾಗಲಿ ಎಂದು ನೀವು ಇದನ್ನು ಕಟ್ಟಿದಿರಂತೆ. ಜೀವಂತ ಮೊಸಳೆಯನ್ನು ನಾವ್ಯಾರೂ ನೋಡಿಲ್ಲ. ಇದರ ಹೊಟ್ಟೆ ಮಾತ್ರ ತಂಪು. ಗಂಟೆ ಕೇಳಿದರೆ ಹಾದಿಯವರು ಹಲ್ಲುಗಳ ನಡುವೆ ನುಸುಳಿ ಒಳಗೆ ಸೇರುತ್ತಿದ್ದರು, ಬುತ್ತಿ ಬಿಚ್ಚುತ್ತಿದ್ದರು, ಕೂಸುಗಳನ್ನು ಮಲಗಿಸುತ್ತಿದ್ದರು. ‘ಮೊಸಳೆ ಬಾಯಿಗೆ ಬಿದ್ದೆ’ ಅಂದರೆ ನಮ್ಮಲ್ಲಿ ಬದುಕಿಕೊಂಡೆ ಎಂದು ಅರ್ಥ.

ಹೋದ ವರ್ಷ ಹಳಮೆ ಕಚೇರಿಯಿಂದ ಚೆನ್ನಮಲ್ಲ ಎಂಬ ಅಧಿಕಾರಿ ಬಂದ. ಹಳೆಯ ವಸ್ತುಗಳನ್ನು ಕಾಪಾಡುವ ಕಚೇರಿ ಅದು. ಜನರ ಉಸಿರಿಗೆ ಒಳಗಿನ ಗಾರೆ ಉದುರುತ್ತಿದೆ ಎಂದು ಬಾಯಿಗೆ ಕಬ್ಬಿಣದ ಬಾಗಿಲು ಹಾಕಿಸಿ, ಕೀಲಿಯನ್ನು ಪಟ್ಟಣಕ್ಕೆ ಒಯ್ದ. ಪಕ್ಕದಲ್ಲೇ ನೆರಳಿನ ಮನೆ ಕಟ್ಟಿಸುತ್ತೇನೆ ಅಂದಿದ್ದ. ಅದು ಏಳಲಿಲ್ಲ.

ನನ್ನ ಅಕ್ಕ ದುಂಡವ್ವನ ಮಗ ಈರಬಸು ಕೊಳವೆ ಕೆಲಸ ಮುಗಿಸಿ ಊರಿಗೆ ನಡೆದು ಬರುತ್ತಿದ್ದಾಗ ದಾರಿಯಲ್ಲೇ ಉರಿಗಂಟೆ ಬಾರಿಸಿತು. ಸಂಜೆ ನಾವು ಹುಡುಕಿಕೊಂಡು ಹೋದಾಗ ಬಾಗಿಲಿನ ಸರಳು ಹಿಡಿದುಕೊಂಡೇ ಕೂತಿದ್ದ. ಜೀವ ಹೋಗಿತ್ತು. ಅಕ್ಕ ಅಳಲಿಲ್ಲ. ನನಗೂ ಅಳು ಬರಲಿಲ್ಲ. ತೊಳೆದೆವು, ಮಣ್ಣು ಮಾಡಿದೆವು, ರೊಟ್ಟಿ ತಿಂದೆವು.

ಮರುದಿನ ಅಕ್ಕ ಹಾರೆ ಹಿಡಿದು ಮೊಸಳೆಯ ಕೆಳದವಡೆ ಒಡೆಯತೊಡಗಿದಳು. ಬಾಗಿಲು ಅವಳ ಕಾಲ ಮೇಲೆ ಬೀಳದಂತೆ ನಾನು ಹಿಡಿದುಕೊಂಡೆ. ಸುದ್ದಿ ತಿಳಿದು ಚೆನ್ನಮಲ್ಲ ಓಡಿ ಬಂದ.

“ಯವ್ವಾ, ನಿಲ್ಲಸ್ರಿ! ಮುನ್ನೂರು ವರ್ಷದ್ದೈತಿ ಅದು.”

“ನನ್ನ ಮಗ ಇಪ್ಪತ್ತಾರರಾಂವ,” ಅಂದಳು ಅಕ್ಕ.

“ಕೀಲಿ ತರಸ್ತೀನ್ರಿ, ಈಗಿಂದೀಗ ತಗಸ್ತೀನಿ.”

“ಈಗ್ಯಾಕೋ ತಮ್ಮಾ?”

ಅಕ್ಕ ಮತ್ತೆ ಹಾರೆ ಎತ್ತಿದಳು. ದವಡೆ ಬಿತ್ತು.

ಅಕ್ಕನಿಗೆ ಶಿಕ್ಷೆಯಾಯಿತು. ಅವಳು ಇನ್ನು ಈ ರಸ್ತೆಗೆ ಕಾಲಿಡುವಂತಿಲ್ಲ. ದೂರದಲ್ಲಿ, ಮಗಳ ಊರಲ್ಲಿದ್ದಾಳೆ. ಬಾಗಿಲನ್ನು ಮತ್ತೆ ಯಾರೂ ಹಾಕಲಿಲ್ಲ. ಅರ್ಧ ಬಾಯಿಯ ಈ ಪ್ರಾಣಿ ಯಾವುದೆಂದು ಮಕ್ಕಳು ಕೇಳುತ್ತವೆ. ಗಂಟೆಗೆ ಮೊದಲು ನಾನು ಒಳಗೆ ಕಸ ಗುಡಿಸಿ ನೀರು ಚಿಮುಕಿಸುತ್ತೇನೆ. ಗುಡಿಸುವಾಗ ಏನೂ ಅನ್ನಿಸುವುದಿಲ್ಲ. ಕೈ ತನ್ನಷ್ಟಕ್ಕೆ ಆಡುತ್ತದೆ.

ನೀವು ಕಟ್ಟಿ. ಬೇಡ ಅನ್ನುವುದಿಲ್ಲ. ಒಂದೇ ಕೋರಿಕೆ: ಬಾಲದ ಕಡೆಗೂ ಒಂದು ಕಿಂಡಿ ಬಿಡಿ, ಮನುಷ್ಯ ತೆವಳಿ ಒಳಗೆ ಹೋಗುವಷ್ಟು, ಅಧಿಕಾರಿಗಳ ಕಣ್ಣಿಗೆ ಬೀಳದಷ್ಟು. ಚಂದ ಕೆಡುತ್ತದೆ ಎಂದು ಮೇಸ್ತ್ರಿ ತಕರಾರು ಮಾಡಬಹುದು. ಅವನಿಗೆ ಹೇಳಿ, ಈರಬಸು ನಡೆದು ಬಂದದ್ದು ಬಾಲದ ಕಡೆಯಿಂದ.