ಮಾವ ಕೊರೆದ ಎರಡು ಕಿಂಡಿ

ತಿ. ನರಸೀಪುರ
ಸೋಮವಾರ, 19 ಜನವರಿ 2004

ಪ್ರೀತಿಯ ಸಿದ್ದು ಅವರಿಗೆ,

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಎಚ್ಚರವಾಯಿತು. ಎಬ್ಬಿಸಿದ್ದು ಮಗಳ ಅಳುವಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ನಡುಮನೆಗೆ ಬಂದು ನೋಡಿದರೆ ನಿಮ್ಮ ತಂದೆ ಕರಣೆ, ಉಳಿ, ಸುತ್ತಿಗೆ ಎಲ್ಲವನ್ನೂ ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದರು. ಎಲ್ಲಿಗೆ ಮಾವ ಎಂದೆ. "ತಗಡೂರ್ಗೆ ಓಯ್ತೀನಿ ಕಣವ್ವ, ಒಂಬತ್ತು ಗಂಟೆ ಬಸ್ಸು" ಎಂದರು. ಮತ್ತೆ ಯಾವಾಗ ಬರ್ತೀರಿ ಎಂದಿದ್ದಕ್ಕೆ, "ಬರಾಕೇನು, ಬಂದ್ರಾಯ್ತು ಬುಡು" ಎಂದು ಚೀಲದ ಬಾಯಿ ಬಿಗಿದರು. ಈಗ ಸ್ನಾನಕ್ಕೆ ಹೋಗಿದ್ದಾರೆ. ಮಿತ್ರಾ ಮಲಗಿದ್ದಾಳೆ. ಪಕ್ಕದ ರಾಚಮ್ಮ ಟೀಚರ ಮನೆಯಿಂದ ಫೋನ್ ಮಾಡೋಣವೆಂದರೆ ನಿಮ್ಮ ನಂಜನಗೂಡಿನ ಫ್ಯಾಕ್ಟರಿಯವರು ಸಾವಿನ ಸುದ್ದಿಗಲ್ಲದೆ ಕರೆದುಕೊಡುವುದಿಲ್ಲ. ಅಲ್ಲದೆ ಇದು ಇನ್ನೊಬ್ಬರ ಮನೆಯಲ್ಲಿ ನಿಂತು ಹೇಳುವ ಮಾತೂ ಅಲ್ಲ.

ನಿನ್ನೆ ರಜೆಗೆ ಬಂದವರು ನಾನೂ ಮಗುವೂ ಮಲಗುವ ರೂಮಿನ ಗೋಡೆಯಲ್ಲಿ ಎರಡು ಕಿಂಡಿ ಕಂಡು ಕೂಗಾಡಿದಿರಿ. "ಇದೇನು ನಮ್ಮ ಹಳೇ ಗುಡ್ಲಾ ಅಪ್ಪ, ಬೇಕಾದ ಕಡೆ ತೂತು ಹೊಡಿಯೋಕೆ? ಇಂಜಿನಿಯರ್ ಪ್ಲಾನ್ ಹಾಕಿದ ಮನೆ ಕಣಪ್ಪ ಇದು. ಕೈ ತೀಟೆ ಇದ್ರೆ ಊರಲ್ಲಿ ತೀರಿಸ್ಕೊ" ಎಂದಿರಿ. ಕಾಂಪೌಂಡಿನ ಆಚೆ ಟೀಚರ್ ಕೇಳಿಸಿಕೊಳ್ಳುತ್ತಿದ್ದರು. ಮಂಗಳವಾರ ಬೆಳಿಗ್ಗೆ ಏಳಕ್ಕೇ ಗಾರೆ ಮಾದಯ್ಯ ಬಂದು ಎರಡನ್ನೂ ಮುಚ್ಚುತ್ತಾನೆ ಎಂದಿರಿ. ಹೊರಡುವಾಗ ನನ್ನನ್ನು, ನೀನಾದರೂ ತಡೆಯಬಾರದಿತ್ತಾ ಎಂದು ಕೇಳಿದಿರಿ. ನಾನು ಮಲಗಿದ್ದೆ, ಗೊತ್ತಾಗಲಿಲ್ಲ ಎಂದೆ.

ಅದು ಸುಳ್ಳು ರೀ. ಅದಕ್ಕಿಂತ ಹಿಂದಿನದೂ ಒಂದು ಸುಳ್ಳಿದೆ. ಅದನ್ನೇ ಮೊದಲು ಹೇಳುತ್ತೇನೆ.

ಮುಡುಕುತೊರೆಯಲ್ಲಿ ಅಮ್ಮ ಬಾಣಂತನ ಮಾಡಿದ ಮೂರು ತಿಂಗಳೂ ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇರುತ್ತಿತ್ತು. ನಾಡಹೆಂಚಿನ ಮನೆ, ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ನನಗಾಗಲಿ ಮಗುವಿಗಾಗಲಿ ಒಂದು ಸೀನೂ ಬರಲಿಲ್ಲ. ಇಲ್ಲಿಗೆ ಕಳಿಸುವಾಗ ಅಮ್ಮ ಆ ಬಾಂಡ್ಲಿಯನ್ನೂ ಕಟ್ಟಿಕೊಟ್ಟು, ಐದು ತಿಂಗಳು ತುಂಬುವ ತನಕ ಬಿಡಬೇಡ ಎಂದಳು. ಆದರೆ ನಮ್ಮದು ತಾರಸಿ ಮನೆ, ಗಾಜಿನ ಕಿಟಕಿ. ಸಾಲದ್ದಕ್ಕೆ ವೆಂಟಿಲೇಟರಿಗೆ ಥರ್ಮಾಕೋಲ್ ಕತ್ತರಿಸಿ ಟೇಪು ಹಚ್ಚಿದವಳು ನಾನು. ಸೊಳ್ಳೆ, ಧೂಳು, ಥಂಡಿ, ನನಗೆ ಯಾವುದರ ಭಯವಿಲ್ಲ ಹೇಳಿ? ಮಲಗುವಾಗ ಬಾಗಿಲ ಕೆಳಗೆ ಹಳೆ ಸೀರೆ ತುರುಕುತ್ತಿದ್ದೆ. ಬಿ.ಎಸ್ಸಿ. ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಬಗ್ಗೆ ಎರಡು ಪುಟ ಬರೆದವಳು ಅದನ್ನೇ ಮಗುವಿನ ತೊಟ್ಟಿಲ ಪಕ್ಕ ಮಂಚದ ಕೆಳಗಿಟ್ಟುಕೊಂಡು ಮಲಗಿದೆ.

ಡಿಸೆಂಬರ್ ಮೂವತ್ತೊಂದರಂದು ಸ್ವಲ್ಪ ವಾಂತಿಯಾಯಿತು ಎಂದು ಹೇಳಿದ್ದೆನಲ್ಲ, ಅದು ಸ್ವಲ್ಪ ವಾಂತಿಯಲ್ಲ. ಏಳಲು ಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ತಲೆ ಸಿಡಿಯುತ್ತಿತ್ತು. ಮಿತ್ರಾ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದಳು, ಅಲ್ಲಾಡಿಸಿದರೂ ಅಳಲಿಲ್ಲ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಏಳಾದರೂ ನಾನು ಎದ್ದಿಲ್ಲವೆಂದು ಮಾವ ಬಾಗಿಲು ದೂಡಿಕೊಂಡು ಒಳಗೆ ಬಂದರು. ಮಗುವನ್ನು ಜಗುಲಿಗೆ ಒಯ್ದು, ಆಮೇಲೆ ನನ್ನನ್ನು ತೋಳು ಹಿಡಿದು ಎಳೆದು ತಂದರು. ಆಟೋದಲ್ಲಿ ಆಸ್ಪತ್ರೆ ತಲುಪುವ ಹೊತ್ತಿಗೆ ಮಿತ್ರಾ ಸಣ್ಣಗೆ ಅತ್ತಳು. ಆ ಅಳು ಕೇಳಿ ಅರವತ್ತೈದು ವರ್ಷದ ಮನುಷ್ಯ ರಸ್ತೆಯಲ್ಲೇ ಅತ್ತುಬಿಟ್ಟರು. ಡಾಕ್ಟರು ಇಬ್ಬರಿಗೂ ಆಕ್ಸಿಜನ್ ಕೊಟ್ಟು, ಸಂಜೆಯವರೆಗೂ ಇಟ್ಟುಕೊಂಡರು. ಮುಚ್ಚಿದ ರೂಮಿನಲ್ಲಿ ಇನ್ನರ್ಧ ಗಂಟೆ ಆ ಕೆಂಡದ ಗಾಳಿ ಕುಡಿದಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರು. ನಿಮ್ಮ ಮಗನಿಗೆ ಮಾತ್ರ ಹೇಳಬೇಡಿ ಮಾವ ಎಂದು ಕೈ ಮುಗಿದೆ. "ಆಯ್ತು ಬುಡವ್ವ, ನಾನೇನು ರೇಡಿಯೋನಾ?" ಎಂದರು. ನಿನ್ನೆ ನೀವು ಅಷ್ಟು ಅಂದರೂ ಅವರು ಬಾಯಿ ಬಿಡದಿದ್ದದ್ದು ನನಗೆ ಕೊಟ್ಟ ಆ ಮಾತಿಗೆ.

ಆಮೇಲೆ ಅವರು ಮಾಡಿದ ಕೆಲಸವನ್ನು ನೀವು ನೋಡಬೇಕಿತ್ತು. ಕಿಟಕಿ ಬಾಗಿಲು ಹಾಕಿಕೊಂಡು, ಊದುಬತ್ತಿ ಹಚ್ಚಿ, ಗೋಡೆಯ ಉದ್ದಕ್ಕೂ ಗೇಣು ಗೇಣಾಗಿ ನಡೆದರು. ಹೊಗೆ ಎತ್ತ ವಾಲುತ್ತದೆಂದು ನೋಡುವುದು, ಅಲ್ಲಿ ಇದ್ದಿಲಲ್ಲಿ ಗುರುತು ಹಾಕುವುದು. ನಾಲ್ಕು ದಿನ ಇದೇ. ರಾಚಮ್ಮ ಟೀಚರ್ ಮಗು ನೋಡಲು ಬಂದವರು, ಇದೇನು ಚಲುವಯ್ಯ, ಗೋಡೆಗೂ ಪೂಜೆ ಶುರುವಾಯ್ತಾ ಎಂದು ನಕ್ಕರು. "ಬುದ್ಧನ ಫೋಟೋಕೊಂದು, ಗಾಳಿಗೊಂದು ಕಣ್ರವ್ವ" ಎಂದರು ಮಾವ.

ಕಿಟಕಿಯ ಚೌಕಟ್ಟಿನ ಹತ್ತಿರ ಹೊಗೆ ಸರ್ರನೆ ಒಳಕ್ಕೆ ಬಾಗಿತು. ಚೌಕಟ್ಟಿಗೂ ಗೋಡೆಗೂ ನಡುವೆ ಒಂದು ಬಿರುಕು, ಐದು ಪೈಸೆ ನಾಣ್ಯ ತೂರುವಷ್ಟು. ರಾತ್ರಿಯ ಥಂಡಿ ಅಲ್ಲಿಂದ ನುಗ್ಗಿ ನೇರವಾಗಿ ತೊಟ್ಟಿಲ ಮೇಲೆ ಬೀಳುತ್ತಿತ್ತು. ಆ ಥಂಡಿಗೆ ಹೆದರಿ ನಾನು ಕೆಂಡ ಇಡುತ್ತಿದ್ದೆ. ಇನ್ನು ರೂಮಿನ ನಡುವೆ ಊದುಬತ್ತಿ ಹಿಡಿದರೆ ಹೊಗೆ ಮೇಲೇರಿ ತಾರಸಿಗೆ ತಾಗಿ ಅಲ್ಲೇ ನಿಂತುಬಿಟ್ಟಿತು. ವೆಂಟಿಲೇಟರಿನ ಟೇಪು ಕಿತ್ತರೂ ಹೆಚ್ಚು ಕದಲಲಿಲ್ಲ. "ಒಂದೇ ಗ್ವಾಡೇಲಿ ಕಿಟಕಿ, ಅದ್ರ ನೆತ್ತಿ ಮ್ಯಾಲೇ ವೆಂಟಿಲೇಟ್ರು. ಬಂದ ಬಾಗ್ಲಲ್ಲೇ ಓಗು ಅಂದ್ರೆ ಗಾಳಿ ಒಳೀಕೇ ಬರಕಿಲ್ಲ ಕಣವ್ವ. ಬ್ಯಾಡದ ಕಡೆ ಬುಟ್ಟವ್ರೆ, ಬೇಕಾದ ಕಡೆ ಮುಚ್ಚವ್ರೆ" ಎಂದರು. ಕಾಲೇಜಿನಲ್ಲಿ ನನಗೆ ಇಷ್ಟು ಸಲೀಸಾಗಿ ಯಾರೂ ಪಾಠ ಹೇಳಿರಲಿಲ್ಲ.

ಬಿರುಕಿಗೆ ಸುಣ್ಣದ ಗಾರೆಯಲ್ಲಿ ತೆಂಗಿನ ನಾರು ಕಲಸಿ ತುಂಬಿದರು. ಕಿಂಡಿಯ ಮಾತು ಬಂದಾಗ ಮಾತ್ರ ಹಿಂದೆಗೆದರು. "ಸಿದ್ದ ಬರ್ಲಿ, ಕೇಳ್ಬುಟ್ಟು ಮಾಡಮ. ಅವ್ನ ಮನೆ" ಎಂದರು. ಕೇಳಿದರೆ ಯಾಕೆ ಎನ್ನುತ್ತೀರಿ, ಆಗ ಮೂವತ್ತೊಂದರ ಕಥೆ ಹೊರಬೀಳುತ್ತದೆ. ಅದಕ್ಕೇ ನಾನು, ಹೊಡೆಯಿರಿ ಮಾವ, ಅವರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ. ಹೋದ ಬುಧವಾರ ಅವರು ಉಳಿ ಹಿಡಿದಾಗ ಕೆಳಗೆ ಸ್ಟೂಲು ಹಿಡಿದು ನಿಂತಿದ್ದವಳು ನಾನೇ.

ಒಂದು ಕಿಂಡಿ ಹಿತ್ತಲ ಕಡೆ, ಸೀಬೆಮರದ ನೆರಳಲ್ಲಿ, ಮೊಣಕಾಲೆತ್ತರಕ್ಕೆ, ತೊಟ್ಟಿಲಿಗೆ ದೂರದ ಮೂಲೆಯಲ್ಲಿ. ಇನ್ನೊಂದು ಎದುರು ಗೋಡೆಯಲ್ಲಿ, ತಾರಸಿಗೆ ಗೇಣು ಕೆಳಗೆ. ತಂಪು ಗಾಳಿ ಕೆಳಗಿಂದ ಬರಬೇಕು, ಬೆಚ್ಚಗಾದದ್ದು ಮೇಲಿಂದ ಹೋಗಬೇಕು. ಮಳೆ ನೀರು ಒಳಗೆ ಬಾರದಂತೆ ಎರಡಕ್ಕೂ ಹೊರಗಡೆಗೆ ಇಳಿಜಾರು ಕೊಟ್ಟಿದ್ದಾರೆ. ನನ್ನ ಸೊಳ್ಳೆ ಭಯಕ್ಕೆ ಜಾಲರಿ, ಛಳಿಗೆ ಮರದ ಪುಟ್ಟ ಮುಚ್ಚಳ. ಇಷ್ಟು ಛಳಿಗೆ ಎರಡು ಬೆರಳು ತೆರೆದಿದ್ದರೆ ಸಾಕಂತೆ. ಮಧ್ಯಾಹ್ನ ಕಿಟಕಿಯ ಪರದೆ ಸರಿಸಿ ನೆಲಕ್ಕೆ ಬಿಸಿಲು ಬಿಡುತ್ತಾರೆ, ನಾಲ್ಕಕ್ಕೆ ಮುಚ್ಚುತ್ತಾರೆ. ಆ ಶಾಖ ಬೆಳಗಿನ ತನಕ ಇರುತ್ತದೆ. ಕೆಂಡವೂ ಬೇಡ, ಕರೆಂಟೂ ಬೇಡ. ನೀವು ತರುತ್ತೇನೆಂದ ಹೀಟರನ್ನು ದಯವಿಟ್ಟು ತರಬೇಡಿ. ಬುಧವಾರದಿಂದ ಮಿತ್ರಾ ಒಂದೇ ಸಲ ಏಳುತ್ತಿದ್ದಾಳೆ. ನಾನೂ ಮಲಗುತ್ತಿದ್ದೆ. ನಿನ್ನೆ ಮಾತ್ರ ಕಣ್ಣು ಹತ್ತಿದಾಗ ನಾಲ್ಕಾಗಿತ್ತು, ಅದಕ್ಕೆ ಕಾರಣ ಗಾಳಿಯಲ್ಲ.

ಮಾದಯ್ಯ ಬಂದರೆ ಕಾಫಿ ಕೊಟ್ಟು ವಾಪಸು ಕಳಿಸುತ್ತೇನೆ. ಅದು ನನ್ನ ಕೈಲಿ ಆಗುವ ಕೆಲಸ. ಮಾವನನ್ನು ಉಳಿಸಿಕೊಳ್ಳುವುದು ನಿಮ್ಮ ಕೈಲಿದೆ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೊಳ್ಳಿ, ಭಾನುವಾರ ಬಂದು ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ನಿಮ್ಮ ಮಗಳಿಗೆ ಉಸಿರು ಉಳಿಸಿದವರು ಬೈಸಿಕೊಂಡು ಊರಿಗೆ ಹೋಗಬಾರದು.

ನಿಮಗೆ ಎರಡು ಸುಳ್ಳು ಹೇಳಿದ, ಇನ್ನು ಹೇಳದ,
ಬಿಂದುಶ್ರೀ

ಇನ್ನೊಂದು ಮಾತು: ಈ ಕಾಗದವನ್ನು ಫ್ಯಾಕ್ಟರಿ ಗೇಟಿನ ವಾಚ್‌ಮನ್ ತಂದುಕೊಟ್ಟಿರುತ್ತಾನೆ. ಅವನ ಕೈಗೆ ಕೊಟ್ಟವರು ಮಾವ. ಹೇಗೂ ನಂಜನಗೂಡಿನಲ್ಲಿ ಬಸ್ಸು ಬದಲಿಸಬೇಕಲ್ಲ, ಮಿತ್ರಾಳ ಲಸಿಕೆಯ ವಿಷಯ, ಉತ್ತರ ಈಸಿಕೊಳ್ಳದೆ ಹೋಗಬೇಡಿ ಎಂದು ಅವರಿಗೂ ಒಂದು ಸುಳ್ಳು ಹೇಳಿ ಕಳಿಸಿದ್ದೇನೆ. ಅವರಿಗೆ ನಿಧಾನವಾಗಿ ಓದಲು ಬರುತ್ತದೆ, ಆದರೆ ಬೇರೆಯವರ ಕವರು ಒಡೆಯುವವರಲ್ಲ. ನೀವು ಇದನ್ನು ಓದುತ್ತಿರುವಾಗ ಗೇಟಿನ ಆಚೆ ನಿಂತಿದ್ದಾರೆ. ಹೋಗಿ ರೀ. ನಿಮ್ಮ ರೂಮಿಗೆ ಕರೆದುಕೊಂಡು ಹೋಗಿ, ಊಟ ಮಾಡಿಸಿ, ಇವತ್ತು ಅಲ್ಲೇ ಉಳಿಸಿಕೊಳ್ಳಿ. ಎಷ್ಟು ಹೊತ್ತಾದರೂ ನನ್ನನ್ನು ಕರೆಯಲು ರಾಚಮ್ಮ ಟೀಚರಿಗೆ ಹೇಳಿಟ್ಟಿರುತ್ತೇನೆ. ಅವರು ಉಳಿದರೆಂದು ತಿಳಿಯದೆ ನನಗೆ ನಿದ್ದೆ ಬರುವುದಿಲ್ಲ, ಬೆಳಗಾಗುವುದರೊಳಗೆ ಫೋನ್ ಮಾಡಿ. ನೀವು ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ರಿಸೀವರನ್ನು ಅವರ ಕೈಗೆ ಕೊಡಿ.