ಕಿವಿಯ ಸ್ಟಿಕ್ಕರ್

ಜೂನ್ 17, ಮಂಗಳವಾರ

"ಕಂಡದ್ದು ಕರಗುವುದು, ಕೇಳಿದ್ದು ಉಳಿಯುವುದು..." ಮುಂದೇನೋ ಇತ್ತು. ಎಲ್ಲಿ ಓದಿದ್ದೋ ನೆನಪಿಲ್ಲ. ಬೆಳಿಗ್ಗೆ ಸ್ಟಿಕ್ಕರ್ ಕತ್ತರಿಸುತ್ತಿದ್ದಾಗ ತಲೆಗೆ ಬಂತು. ನಿಜವೇ? ಅಪ್ಪನ ಮುಖ ಇನ್ನೂ ಕಣ್ಣಲ್ಲಿದೆ, ಸ್ವರ ಮರೆತೇ ಹೋಗಿದೆ. ಆದರೂ ಸಾಲು ಚೆನ್ನಾಗಿದೆ. ಮುಂದಿನ ತಿಂಗಳ ಶಿಕ್ಷಕರ ಕಾರ್ಯಾಗಾರಕ್ಕೆ ಬರೆಯುತ್ತಿರುವ ಪ್ರಬಂಧದ ಮೊದಲಿಗೆ ಹಾಕಬಹುದು.

ಹೊಸ ಮಕ್ಕಳಿಂದ ಇಪ್ಪತ್ತು ಪ್ರಶ್ನೆಗಳ ಫಾರ್ಮ್ ತುಂಬಿಸಿದೆ. ನೋಡಿ ಕಲಿಯುವವರ ಐಡಿ ಕಾರ್ಡಿಗೆ ಕಣ್ಣಿನ ಚಿತ್ರ, ಕೇಳಿ ಕಲಿಯುವವರದಕ್ಕೆ ಕಿವಿ, ಮಾಡಿ ಕಲಿಯುವವರದಕ್ಕೆ ಕೈ. ಎರಡು ವರ್ಷದ ಹಿಂದೆ ಇದನ್ನು ಶಾಲೆಗೆ ತಂದದ್ದು ನಾನೇ. ಕಣ್ಣುಗಳು ಮುಂದಿನ ಬೆಂಚು. ಕೈಗಳು ಕಿಟಕಿಯ ಪಕ್ಕ. ಕಿವಿಗಳು ಹಿಂದೆ — ಅವರಿಗೆ ಬೋರ್ಡ್ ಬೇಕಿಲ್ಲವಲ್ಲ.

ಆಮ್ನಾ ಕಿವಿ. ನಮ್ಮ ಎದುರು ಫ್ಲಾಟಿನ ರಮ್ಲಾಳ ಮಗಳು, ಈಗ ನಾಲ್ಕನೆಯ ಕ್ಲಾಸ್. ಪದ್ಯ ನಾನು ಒಮ್ಮೆ ಓದಿ ಹೇಳಿದರೆ ಸಾಕು, ಒಂದಕ್ಷರ ತಪ್ಪದೆ ಒಪ್ಪಿಸುತ್ತಾಳೆ. ಬರೆಯಲು ಮಾತ್ರ ಸೋಮಾರಿ. ಅವಳ ಪರೀಕ್ಷೆಯನ್ನೂ ಬಾಯಲ್ಲೇ ಮಾಡುತ್ತೇನೆ. ನನ್ನ ಪ್ರಬಂಧದ ನಾಯಕಿ ಅವಳೇ.

ಜುಲೈ 26, ಶನಿವಾರ

ಸುರತ್ಕಲ್‌ನಲ್ಲಿ ಶಿಕ್ಷಕರ ಕಾರ್ಯಾಗಾರ. ಪ್ರಬಂಧ ಓದಿ ಮುಗಿಸಿದೆ. ಸ್ವರ ನಡುಗಲಿಲ್ಲ.

ಎಲ್ಲರಿಗೂ ಹಿಡಿಸಿದ್ದು ಆಮ್ನಾಳ ಕಥೆ. ಹೋದ ವರ್ಷದ ಕಣ್ಣಿನ ಕ್ಯಾಂಪಿನಲ್ಲಿ ಅವಳು ಸಾಲಿನ ಕೊನೆಯಲ್ಲಿದ್ದಳು. ಮುಂದಿನವರು ಚಾರ್ಟ್ ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ತನ್ನ ಸರದಿ ಬಂದಾಗ ಕೊನೆಯ ಸಾಲಿನವರೆಗೂ ಹೇಳಿಬಿಟ್ಟಳು. ಆಮೇಲೆ ನನ್ನ ಹತ್ತಿರ ಬಂದು ಕುಣಿದಳು: "ಎಂತ ಸಹ ಕಾಣ್ಲಿಲ್ಲ ಟೀಚರ್! ಎಲ್ಲ ಕೇಳಿಯೇ ಹೇಳಿದ್ದು!"

ಇದಕ್ಕಿಂತ ಬೇರೆ ಪುರಾವೆ ಬೇಕೇ ಎಂದು ಕೇಳಿದೆ. ಸಭೆ ನಕ್ಕಿತು. ಚಪ್ಪಾಳೆ.

ಆಗಸ್ಟ್ 20, ಬುಧವಾರ

ಈ ವರ್ಷದ ಕ್ಯಾಂಪ್. ನರ್ಸ್ ಹೊಸಬಳು, ಮೆಲಿಸಾ ಎಂದು. ಒಂದೊಂದು ಮಗುವಿಗೂ ಚಾರ್ಟ್ ಬದಲಿಸುತ್ತಿದ್ದಳು. ಆಮ್ನಾಳ ಸರದಿ ಬಂತು. ಎಲ್ಲಕ್ಕಿಂತ ದೊಡ್ಡ ಅಕ್ಷರಕ್ಕೂ ಬಾಯಿ ಬಿಡಲಿಲ್ಲ.

ಹೇಳಿದೆ — ಹೌದು, ನಾನೇ ಹೇಳಿದೆ — "ಸಿಸ್ಟರ್, ಅವಳು ಕೇಳಿ ಕಲಿಯುವ ಮಗು. ನೀವು ಒಮ್ಮೆ ಓದಿ ಹೇಳಿ, ಆಮೇಲೆ ಕೇಳಿ."

ಮೆಲಿಸಾ ನನ್ನ ಮುಖವನ್ನೇ ನೋಡಿದಳು. "ಎಂತ ಟೀಚರ್, ಕಣ್ಣಿನ ಟೆಸ್ಟ್ ಕಿವಿಯಲ್ಲಿ ಮಾಡ್ಲಿಕ್ಕೆ ಆಗ್ತದಾ?"

ಆಗಸ್ಟ್ 23

ಫಳ್ನೀರಿನಲ್ಲಿ ಕಣ್ಣಿನ ಡಾಕ್ಟರ ಕ್ಲಿನಿಕ್. ರಮ್ಲಾಳ ಗಂಡ ಇಮ್ತಿಯಾಝ್ ದುಬೈಯಲ್ಲಿ. ಒಬ್ಬಳಿಗೆ ಹೆದರಿಕೆ ಆಗ್ತದೆ, ನೀವೂ ಬನ್ನಿ ಎಂದಳು. ಹೋದೆ.

ಎರಡೂ ಕಣ್ಣಿಗೆ ದೊಡ್ಡ ನಂಬರ್, ಹುಟ್ಟಿನಿಂದಲೇ ಇರಬೇಕು. ಸ್ಪಷ್ಟ ಚಿತ್ರ ಸಿಗದೆ ಮೆದುಳು ನೋಡುವುದನ್ನೇ ಸರಿಯಾಗಿ ಕಲಿತಿಲ್ಲವಂತೆ. ಕನ್ನಡಕ ಹಾಕಿದರೂ ಪೂರ್ತಿ ಬರುತ್ತದೆ ಎಂದು ಹೇಳಲಾರರಂತೆ. "ಎರಡು ವರ್ಷ ಮೊದಲು ಬರ್ಬೇಕಿತ್ತು ನೀವು. ಶಾಲೆಯಲ್ಲಿ ಯಾರಿಗೂ ಗೊತ್ತಾಗ್ಲಿಲ್ವಾ?"

ರಮ್ಲಾ ನನ್ನತ್ತ ತಿರುಗಿದಳು, ಉತ್ತರ ಹೇಳಲಿ ಎಂದು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಪರೀಕ್ಷೆಯ ಭಾರದ ಫ್ರೇಮ್ ಮೂಗಿಗೇರಿದಾಗ ಆಮ್ನಾ ಬಹಳ ಹೊತ್ತು ನನ್ನನ್ನೇ ನೋಡಿದಳು. "ಟೀಚರ್, ನಿಮಗೆ ಮೀಸೆ ಉಂಟು!"

ಡಾಕ್ಟರೂ ನಕ್ಕರು. ನನಗೂ ನಗಬೇಕಾಯಿತು.

ಸೆಪ್ಟೆಂಬರ್ 1, ಸೋಮವಾರ

ಒಂಬತ್ತು ದಿನ ಬರೆಯಲಾಗಲಿಲ್ಲ.

ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಸ್ಟಿಕ್ಕರಿನ ಹಾಳೆಗಳನ್ನೆಲ್ಲ ಇಟ್ಟೆ. ಇನ್ನು ಬೇಡ ಎಂದೆ. ಯೂಸ್ಟೇಸ್ ಸರ್ ಕನ್ನಡಕ ಒರೆಸಿಕೊಂಡರು.

"ಎಂತ ಜಾಯ್ಸ್ ಬಾಯಿ, ಬ್ರೋಷರಿನಲ್ಲಿ ಪ್ರಿಂಟ್ ಆಗಿ ಆಯ್ತು. ಎರಡು ಶಾಲೆಯವರು ನೋಡ್ಲಿಕ್ಕೆ ಬರ್ತಾರೆ. ಒಂದು ಮಗುವಿಗೆ ಕನ್ನಡಕ ಬಂತು ಅಂತ ಅಷ್ಟು ಒಳ್ಳೆ ಪದ್ಧತಿ ಬಿಡ್ಲಿಕ್ಕುಂಟಾ?"

"ಕಾಣುವುದಿಲ್ಲ ಅಂತ ಅವಳೇ ನನಗೆ ಹೇಳಿದ್ದಳು ಸರ್."

"ಯಾರಿಗಾದ್ರೂ ಗೊತ್ತುಂಟಾ?"

"ಇಲ್ಲ." ಇಲ್ಲವೇ? ಸುರತ್ಕಲ್‌ನಲ್ಲಿ ಇಡೀ ಸಭೆಗೆ ಹೇಳಿದ್ದೇನೆ. ನಕ್ಕಿದ್ದಾರೆ.

"ಹಾಗಾದ್ರೆ ಮತ್ತೆಂತ? ಸುಮ್ಮನೆ ಇರಿ ಮಾರಾಯ್ರೆ."

ಹಾಳೆಗಳನ್ನು ನನ್ನ ಕೈಗೇ ಕೊಟ್ಟರು. ಆಮ್ನಾಳನ್ನು ಮುಂದಿನ ಬೆಂಚಿಗೆ ಕೂರಿಸಿದೆ. ಕಾರ್ಡಿನ ಕಿವಿ ಕೀಳಲು ಹೋದರೆ ಕಾರ್ಡನ್ನು ಬಿಗಿಯಾಗಿ ಹಿಡಿದುಕೊಂಡಳು. ಅದು ತನ್ನದಂತೆ. ಬರೆಯಲು ಕೊಟ್ಟೆ. 'ಮರ' ಎಂಬ ಎರಡಕ್ಷರಕ್ಕೆ ಅರ್ಧ ಪುಟ ಬೇಕಾಯಿತು ಅವಳಿಗೆ.

ಸೋಮಾರಿ ಎಂದು ಬರೆದಿದ್ದೇನೆ ಇದೇ ಪುಸ್ತಕದಲ್ಲಿ, ಜೂನ್ 17ಕ್ಕೆ. ಹೊಡೆದು ಹಾಕುವುದಿಲ್ಲ. ಇರಲಿ.

ಸೆಪ್ಟೆಂಬರ್ 13, ಶನಿವಾರ, ಬೆಳಿಗ್ಗೆ 10

ರಮ್ಲಾಳಿಗೆ ಹೇಳಲೇಬೇಕು. ಮಗು ನನ್ನ ಎದುರೇ ನಿಂತು ಹೇಳಿತ್ತು, ನಾನು ಅದನ್ನು ಪ್ರಬಂಧಕ್ಕೆ ಹಾಕಿಕೊಂಡೆ — ಇಷ್ಟೇ ಮಾತು. ನಾಲ್ಕು ದಿನದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ. ಇವತ್ತು ರಜೆ, ಅವಳು ಮನೆಯಲ್ಲೇ ಇದ್ದಾಳೆ. ಎದುರಿನ ಬಾಗಿಲಿಗೆ ಹತ್ತು ಹೆಜ್ಜೆ. ಈಗಲೇ ಹೋಗುವೆ.

10.40

ಹೋಗಲಾಗಲಿಲ್ಲ. ಅವಳೇ ಬಂದಳು. ತಟ್ಟೆಯ ತುಂಬ ಬಿಸಿ ನೀರ್‌ದೋಸೆ. ಒಳಗೆ ಬಾ ಎಂದರೆ ಕೇಳಲಿಲ್ಲ, ಹೊಸ್ತಿಲ ಹೊರಗೇ ನಿಂತಳು. ಕಣ್ಣು ಅತ್ತು ಕೆಂಪಾಗಿತ್ತು. ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ನಂದೇ ತಪ್ಪು ಟೀಚರ್. ಕಾಣುವುದಿಲ್ಲ ಅಂತ ಅವಳು ಎರಡನೇ ಕ್ಲಾಸಿನಲ್ಲೇ ಹೇಳಿದ್ಳು. ಡಾಕ್ಟ್ರಿಗೆ ತೋರಿಸು ಅಂತ ಇವರೂ ದುಬೈಯಿಂದ ಫೋನಿನಲ್ಲಿ ಹೇಳಿದ್ರು. ನಾನೇ ಬೇಡ ಅಂದದ್ದು — ನಮ್ಮ ಟೀಚರೇ ಕಿವಿ ಅಂಟಿಸಿ ಕೊಟ್ಟಿದ್ದಾರೆ, ಅವರಿಗಿಂತ ಹೆಚ್ಚು ಡಾಕ್ಟ್ರಿಗೆ ಗೊತ್ತುಂಟಾ ಅಂತ."