ಯಂತ್ರ ಒಪ್ಪದ ಬೆರಳು

ಅಮ್ಮಾ,

ರಾತ್ರಿ ಪಾಳಿ ಮುಗಿಸಿ ಬಂದು ಈಗಷ್ಟೇ ಮಲಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಒಂಬತ್ತೂವರೆಗೆ ಅಲಾರಾಂ ಇಟ್ಟಿದ್ದೇನೆ, ಎದ್ದ ಕೂಡಲೇ ಇದನ್ನು ಓದು.

ಗ್ರಂಥಾಲಯದ ಕೆಲಸಕ್ಕೆ ಬೆರಳಚ್ಚು ಕೊಡಲು ಇವತ್ತೇ ಕೊನೆಯ ದಿನ. ಹಿಂದಿನ ಎರಡು ಸಲವೂ ಆ ಯಂತ್ರ ನನ್ನ ಒಣಗಿ ಬಿರಿದ ಬೆರಳನ್ನು ಒಪ್ಪಲಿಲ್ಲ. "ಈ ಸಲವೂ ಬರ್ಲಿಲ್ಲ ಅಂದ್ರೆ ಪಟ್ಟೀಲಿ ಮುಂದಿನೋರನ್ನ ಕರೀತೀವಮ್ಮ" ಎಂದಿದ್ದಾನೆ ಗುಮಾಸ್ತ.

ಸೆರಮೈಡ್ ಮಾತ್ರೆಯನ್ನು ದಿನಕ್ಕೊಂದರಂತೆ ಎಂಟು ವಾರ ಬಿಡದೆ ನುಂಗಿದರೆ ಚರ್ಮ ಒಣಗುವುದು ಕಡಿಮೆಯಾಗಬಹುದು ಎಂದಿದ್ದರು ಡಾಕ್ಟರು. ನೀನು ಲೋಟದ ಪಕ್ಕ ಇಟ್ಟದ್ದನ್ನು ನಾನು ಕಣ್ಣುಮುಚ್ಚಿ ನುಂಗುತ್ತಿದ್ದೆ. ನಿನ್ನೆ ನೋಡಿದರೆ, ಎಂಟು ವಾರ ಮುಗಿದರೂ ಬಾಟಲಿ ಅರ್ಧ ಹಾಗೇ ಇದೆ! ಕೇಳಿದರೆ, "ಬೇಗ ಖಾಲಿಯಾಗ್ಬಾರ್ದು ಅಂತ ದಿನ ಬಿಟ್ಟು ದಿನ ಮನೇಲಿದ್ದ ವಿಟಮಿನ್ ಮಾತ್ರೆ ಇಟ್ಟೆ ಕಣೇ" ಅಂದೆ ನೀನು. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವ ಹಾಗೆ ಇದನ್ನೂ ಎಳೆದು ಬಳಸಿದೆಯಲ್ಲ! ನಗಬೇಕೋ ಅಳಬೇಕೋ ತಿಳಿಯದೆ ನಾನು ನಿನಗೆ ಏನೇನೋ ಅಂದುಬಿಟ್ಟೆ.

ಬಾಟಲಿ ಇನ್ನು ನನ್ನ ಮೇಜಿನ ಮೇಲಿರುತ್ತದೆ. ದಯವಿಟ್ಟು ಮುಟ್ಟಬೇಡ. ಅಡುಗೆ ಮಾಡಿ ಮುಚ್ಚಿಟ್ಟಿದ್ದೇನೆ, ಉಂಡು ಹೊರಡು.

ಹೌದು, ಹೊರಡು ಎಂದೇ ಬರೆದೆ. ನಾನು ಮೊದಲೇ ಹೋಗಿ ಬೆರಳಚ್ಚು ಕೊಡುವ ಕಚೇರಿಯಲ್ಲಿರುತ್ತೇನೆ, ನನ್ನ ಸರದಿ ಹನ್ನೊಂದಕ್ಕೆ. "ಇನ್ನೊಂದು ಬೆರಳು ನೋಡಿ" ಎಂದು ಅಷ್ಟು ಜನರ ಮುಂದೆ ಕೇಳಲು ನನಗೆ ಬಾಯಿಯೇ ಬರುವುದಿಲ್ಲ. ಎರಡು ಸಲವೂ "ಸರಿ ಸರ್" ಎಂದು ತಲೆತಗ್ಗಿಸಿ ಬಂದವಳು ನಾನು. ನೀನಾದರೆ ಹತ್ತೂ ಬೆರಳು ಒತ್ತಿಸದೆ ಆ ಗುಮಾಸ್ತನನ್ನು ಕುರ್ಚಿಯಿಂದ ಏಳಲು ಬಿಡುವುದಿಲ್ಲ. ನಿನ್ನೆ ಆಡಿದ್ದಕ್ಕೆ ಬೇಕಾದರೆ ಅಲ್ಲೇ ಎಲ್ಲರೆದುರು ನನ್ನನ್ನು ಬೈದುಬಿಡು. ಬಾ ಅಮ್ಮಾ.